ತೊಳೆದ ಸಂಪಿನಲ್ಲಿ ಗೆದ್ದ ಪಂಪು

ಮಾರ್ಚ್ ಹನ್ನೊಂದು, ಸೋಮವಾರ. ಪಂಪ್‌ಹೌಸಿನ ಮೂರು ಹೊಸ ಪಂಪುಗಳಲ್ಲಿ ಎರಡು ನಿಂತಿವೆ. ಮೂರನೆಯದು ಓಡುತ್ತಿದೆ, ಆದರೆ ಅದರ ಸದ್ದು ಕೇಳಿದರೆ ನಂಬಿಕೆ ಬರುವುದಿಲ್ಲ.

ಖರೀದಿ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ಕಳೆದ ವರ್ಷ ತಾವು ನಮ್ಮ ತ್ಯಾಜ್ಯನೀರು ಶುದ್ಧೀಕರಣ ಘಟಕಕ್ಕೆ ಆರಿಸಿಕೊಟ್ಟ ಪಂಪುಗಳು ಬಹಳ ಚೆನ್ನಾಗಿವೆ. ಅವುಗಳ ಮೇಲೆ ನನ್ನ ದೂರು ಒಂದೇ: ಅವು ತ್ಯಾಜ್ಯನೀರನ್ನು ಎತ್ತುವುದಿಲ್ಲ. ಈ ಗುರುವಾರ ಅದೇ ಜಾತಿಯ ಇನ್ನೂ ನಾಲ್ಕನ್ನು ಪರೀಕ್ಷಿಸಿ ಆರಿಸಲು ತಾವು ಬರುತ್ತೀರೆಂದು ತಿಳಿಯಿತು. ಘಟಕದ ಪ್ರಯೋಗಾಲಯದ ಸಹಾಯಕಿಯಾಗಿ ನಾನು ಕಚೇರಿಗೆ ಬರೆದ ಮೂರು ಪತ್ರಗಳಿಗೂ ಉತ್ತರ ಬರಲಿಲ್ಲವಾದ್ದರಿಂದ, ನಾಲ್ಕನೆಯದನ್ನು ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನಮ್ಮಲ್ಲಿಗೆ ಹರಿದು ಬರುವುದು ಸುತ್ತಲಿನ ಟವೆಲ್ ಕಾರ್ಖಾನೆಗಳ ನೀರು. ಅದರಲ್ಲಿ ಬಣ್ಣವಿದೆ, ಸೋಪಿದೆ, ಎಲ್ಲಕ್ಕಿಂತ ಹೆಚ್ಚಾಗಿ ಹತ್ತಿಯ ಜುಂಗಿದೆ. ಆ ನೀರು ಬಂದು ನಿಲ್ಲುವ ಸಂಪಿನಲ್ಲಿ ಸೇರಿದ ಜುಂಗು ತನ್ನಷ್ಟಕ್ಕೆ ತಾನೇ ಹಗ್ಗದಂತೆ ಹೊಸೆದುಕೊಳ್ಳುತ್ತದೆ. ತಾವು ಆರಿಸಿದ ಪಂಪಿನ ಒಳಗೆ ತಿರುಗುವ ಚಕ್ರದ ಸಂದುಗಳೋ, ಒಂದು ಬೆರಳು ಹೋದರೆ ಎರಡನೆಯದು ಹೋಗದು. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ನೀರು ಎತ್ತಲೆಂದೇ ಹಾಗೆ ಕಿರಿದಾಗಿ ಮಾಡಿದ್ದಾರೆ. ತಿಳಿನೀರಿಗೆ ಅದು ಸರಿ. ನಮ್ಮ ನೀರಿಗೆ ಅದು ಸೂಜಿಯ ಕಣ್ಣಿನಲ್ಲಿ ಹಗ್ಗ ಪೋಣಿಸುವ ಸಾಹಸ.

ಪಂಪುಗಳನ್ನು ನೋಡಿಕೊಳ್ಳುವ ಫಿಟ್ಟರ್ ನನ್ನ ಸೋದರಮಾವ. ಮೊದಲೇ ಹೇಳಿಬಿಡುತ್ತೇನೆ; ಇದನ್ನು ಪತ್ತೆಹಚ್ಚಲು ತಾವು ಇನ್ನೊಂದು ಸಮಿತಿ ರಚಿಸುವ ಶ್ರಮ ಬೇಡ. ಇಪ್ಪತ್ತಾರು ವರ್ಷಗಳಿಂದ ಪಂಪ್‌ಹೌಸಿನಲ್ಲಿರುವ ಅವರು ಹೊಸ ಪಂಪುಗಳಿಗೆ ಇಟ್ಟ ಹೆಸರು ಅಳಿಯದೇವರು.

“ಬಾರಮ್ಮ, ಅಳಿಯದೇವ್ರು ಮತ್ತೆ ಮುನಿಸ್ಕೊಂಡಿದ್ದಾರೆ,” ಎಂದು ಪ್ರಯೋಗಾಲಯದ ಬಾಗಿಲಿಗೆ ಬಂದು ಕರೆಯುತ್ತಾರೆ.

“ಈಗೇನಂತೆ ಮಾವ?”

“ಊಟದಲ್ಲಿ ಕೂದ್ಲು ಸಿಕ್ತಂತೆ.”

ಆಮೇಲೆ ವಿದ್ಯುತ್ ನಿಲ್ಲಿಸಿ, ಹನ್ನೆರಡು ಬೋಲ್ಟು ಬಿಚ್ಚಿ, ಕೊಕ್ಕೆಯಿಂದ ಜುಂಗನ್ನು ಎಳೆದು ತೆಗೆಯಬೇಕು. ಫೆಬ್ರವರಿಯಲ್ಲಿ ಹೀಗೆ ಮೂವತ್ತೊಂದು ಸಲ ಬಿಚ್ಚಿದರು. ಮೂಲೆಯಲ್ಲಿರುವ ಹಳೆಯ ಅಗಲಬಾಯಿಯ ಪಂಪನ್ನು ನಾವು ಅಜ್ಜಿ ಎನ್ನುತ್ತೇವೆ. ಅದೇ ತಿಂಗಳು ಅದೇ ನೀರು ಕುಡಿದ ಅಜ್ಜಿಯನ್ನು ಬಿಚ್ಚಿದ್ದು ಒಂದೇ ಸಲ. ತಮ್ಮ ವರದಿಯಲ್ಲಿ ಅಜ್ಜಿಗೆ “ವಿದ್ಯುತ್ ಪೋಲು ಮಾಡುವ ಯಂತ್ರ” ಎಂಬ ಬಿರುದಿದೆ. ನಾನು ಮೀಟರು ನೋಡಿದೆ. ಸಾವಿರ ಲೀಟರ್ ಎತ್ತಲು ಅಜ್ಜಿ ಹತ್ತು ಪಾಲು ವಿದ್ಯುತ್ ತೆಗೆದುಕೊಂಡರೆ ಅಳಿಯದೇವರು ಹದಿನಾಲ್ಕು ಪಾಲು ತೆಗೆದುಕೊಂಡರು. ಜುಂಗು ಸುತ್ತಿಕೊಂಡ ಮೇಲೆ ಅರ್ಧ ನೀರೂ ಮೇಲೇರುವುದಿಲ್ಲ, ಆದರೆ ಮೋಟಾರಿನ ಹಸಿವು ಹಾಗೇ ಇರುತ್ತದೆ. ಮಿತವ್ಯಯವೆಂದರೆ ಇದೇ ಏನು?

ಹಾಗಾದರೆ ಕಳೆದ ವರ್ಷದ ಪರೀಕ್ಷೆಯಲ್ಲಿ ಅದು ಗೆದ್ದದ್ದು ಹೇಗೆ? ನಮ್ಮಲ್ಲೊಂದು ಪದ್ಧತಿಯಿದೆ. ದೊಡ್ಡವರು ಬರುವ ಹಿಂದಿನ ದಿನ ಸಂಪನ್ನು ಬರಿದು ಮಾಡಿ, ಉಜ್ಜಿ ತೊಳೆದು, ಟ್ಯಾಂಕರಿನಿಂದ ಕುಡಿಯುವ ನೀರು ತುಂಬಿಸುತ್ತೇವೆ. ಮೋಸ ಮಾಡಲು ಅಲ್ಲ, ತಮ್ಮ ಮೂಗಿಗೆ ಕಷ್ಟವಾಗಬಾರದೆಂದು. ಅಂದು ತಾವು ಸಂಪಿನೊಳಗೆ ಬಗ್ಗಿ ನೋಡಿ, “ಎಷ್ಟು ತಿಳಿಯಾಗಿದೆ! ಇದನ್ನ ಇನ್ನೇನು ಶುದ್ಧ ಮಾಡ್ತೀರಿ?” ಎಂದದ್ದು ನೆನಪಿದೆಯೇ? ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನೀರನ್ನು ಬಾಟಲಿಗೆ ತುಂಬಿ “ಸಂಪಿನ ನೀರು” ಎಂದು ಚೀಟಿ ಅಂಟಿಸಿದವಳೂ ನಾನೇ. ಅದು ಸಂಪಿನಲ್ಲಿದ್ದ ನೀರು ಎಂಬುದು ನಿಜ. ನಿಜ ಅಲ್ಲಿಗೇ ಮುಗಿಯಿತು. ಅನುವಾದಿತ ಕಾದಂಬರಿಗಳನ್ನು ಓದಿ ಓದಿ, ವಾಕ್ಯ ತೀರಾ ನಯವಾಗಿದ್ದರೆ ಮೂಲದಲ್ಲಿ ಮುಳ್ಳಿತ್ತೇನೋ ಎಂದು ಅನುಮಾನಿಸುವುದು ನನಗೆ ಅಭ್ಯಾಸವಾಗಿದೆ. ತಮ್ಮ ಆಯ್ಕೆ ವರದಿ ಅಷ್ಟು ನಯವಾಗಿತ್ತು. ಮೂಲದ ಜುಂಗನ್ನು ಬಿಟ್ಟುಬಿಟ್ಟ ಅನುವಾದಕಿ ನಾನು.

ನಗು ಅಲ್ಲಿಗೇ ನಿಂತಿದ್ದರೆ ಈ ಪತ್ರ ಬೇಕಿರಲಿಲ್ಲ. ಶುಕ್ರವಾರ ತಮ್ಮ ಕಚೇರಿಯಿಂದ ಮಾವನಿಗೆ ನೋಟಿಸು ಬಂದಿದೆ: ಗುರುವಾರದ ಪರೀಕ್ಷೆಯಲ್ಲಿ ಪಂಪು ಸರಾಗವಾಗಿ ಓಡಿದಲ್ಲಿ, ಈವರೆಗಿನ ಅಡಚಣೆಗಳಿಗೆ ಫಿಟ್ಟರನ ಅಜಾಗರೂಕತೆಯೇ ಕಾರಣವೆಂದು ತೀರ್ಮಾನಿಸಿ ಆತನನ್ನು ಗೇಟಿನ ಕೆಲಸಕ್ಕೆ ಹಾಕಲಾಗುವುದು. ಕುಡಿಯುವ ನೀರಿನಲ್ಲಿ ಓಡದ ಪಂಪನ್ನು ತಾವು ಎಲ್ಲಾದರೂ ಕಂಡಿದ್ದೀರಾ?

ಮಾವ ನೋಟಿಸನ್ನು ಎರಡು ಸಲ ಓದಿ ಮಡಚಿದರು. “ಗೇಟಲ್ಲಿ ನಿಂತು ನಾನೇನು ಮಾಡ್ಲಮ್ಮ? ಲಾರಿ ಸದ್ದು ಕೇಳಿ, ‘ನಿಂದು ಬೇರಿಂಗ್ ಹೋಗಿದೆ’ ಅಂತ ಚೀಟಿ ಕೊಡ್ಲಾ?”

ನಾನು ನಗಲಿಲ್ಲ. ಅವರೇ ಮುಂದುವರಿಸಿದರು: “ಹೋಗ್ಲಿ ಬಿಡು. ಬುಧವಾರ ಸಂಪು ತೊಳೀಬೇಕಲ್ಲ, ಒಳ್ಳೆ ಬ್ರಷ್ ತರಿಸಿಡು.”

ಮಾನ್ಯರೇ, ತನ್ನ ತಪ್ಪನ್ನು ಸಾಬೀತುಪಡಿಸುವ ನೀರಿಗೆ ತಾನೇ ಸಂಪು ತೊಳೆದುಕೊಡುವ ಆರೋಪಿ ತಮಗೆ ಇನ್ನೆಲ್ಲಿ ಸಿಕ್ಕಾನು?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಹೊಸ ಪಂಪನ್ನೂ ಅಜ್ಜಿಯನ್ನೂ ನಮ್ಮದೇ ಕೊಳಚೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಓಡಿಸಿ. ಎಷ್ಟು ನೀರು ಏರಿತು, ಎಷ್ಟು ವಿದ್ಯುತ್ ಹೋಯಿತು, ಎಷ್ಟು ಸಲ ಬಿಚ್ಚಬೇಕಾಯಿತು ಎಂದು ನೋಡಿ ಆಮೇಲೆ ಆರಿಸಿ. ಅಲ್ಲಿಯವರೆಗೆ ನೋಟಿಸನ್ನು ತಡೆಹಿಡಿಯಿರಿ. ಬರುವಾಗ ಕರವಸ್ತ್ರ ತನ್ನಿ. ಮರೆತರೂ ಚಿಂತೆಯಿಲ್ಲ, ಅರ್ಧ ಟವೆಲ್ಲಿಗಾಗುವಷ್ಟು ಹತ್ತಿ ಸಂಪಿನಲ್ಲೇ ಇದೆ.

ಸಂಪು ತೊಳೆಯುವ ಆದೇಶವೂ ಟ್ಯಾಂಕರಿನ ಚೀಟಿಯೂ ನನ್ನ ಸಹಿಯಿಲ್ಲದೆ ಹೊರಡುವುದಿಲ್ಲ. ಎರಡೂ ಈಗ ನನ್ನ ಮೇಜಿನ ಮೇಲಿವೆ. ಬುಧವಾರ ಅವಕ್ಕೆ ಸಹಿ ಹಾಕುವುದಿಲ್ಲವೆಂದು ಇಂದು ನಿರ್ಧರಿಸಿದ್ದೇನೆ. ಮಾವನಿಗೆ ಇನ್ನೂ ಹೇಳಿಲ್ಲ. ಅವರು ಬ್ರಷ್ ಬಂತೇ ಎಂದು ಈಗಷ್ಟೇ ಕೇಳಿಹೋದರು.

ಇಂತಿ,
ಕಳೆದ ವರ್ಷ ತಮ್ಮೊಂದಿಗೆ ನಕ್ಕ
ಪ್ರಯೋಗಾಲಯದ ಸಹಾಯಕಿ