ಬಾಯಿ ಬಿಟ್ಟ ಮೂಲೆ

ಭಾನುವಾರ, ಜೂನ್ ೧೪

ಮಲಗುವ ಕೋಣೆಯ ಛಾವಣಿಯಂಚಿಗೆ ಅಲಂಕಾರದ ಜಿಪ್ಸಮ್ ಪಟ್ಟಿ ಕೂರಿಸುವ ಕೆಲಸ ಇವತ್ತೂ ಮುಗಿಯಲಿಲ್ಲ. ಕಿಟಕಿ ಪಕ್ಕದ ಮೂಲೆಯಲ್ಲಿ ಎರಡು ಪಟ್ಟಿಗಳು ಸೇರುವ ಕಡೆ ಬೆಂಕಿಕಡ್ಡಿ ತೂರುವಷ್ಟು ಸಂದು. ಪ್ರತಿ ಸಲವೂ ನಲವತ್ತೈದು ಡಿಗ್ರಿಗೇ ಕೊಯ್ದಿದ್ದೆ. ಮೂರು ಪಟ್ಟಿ ಹಾಳಾದವು. ಗರಗಸಕ್ಕೆ ಬೈದೆ, ಪಟ್ಟಿ ಮಾರಿದ ಅಂಗಡಿಯವನ ಜನ್ಮ ಜಾಲಾಡಿದೆ, ಏಣಿ ಹಿಡಿದು ನಿಂತಿದ್ದ ಹೆಂಡತಿಯ ಮೇಲೂ ರೇಗಿದೆ.

ಇವಳು ಮೂಲೆ ತೊಂಬತ್ತು ಡಿಗ್ರಿ ಇದೆಯೇ ಎಂದು ನೋಡುವ ಮೂಲೆಮಟ್ಟ ತಂದು ಗೋಡೆಗೆ ಒತ್ತಿ ಹಿಡಿದಳು. ಮೂಲೆಯೇ ಸೊಟ್ಟ.

"ನೀವು ಕೊಯ್ದಿದ್ದು ಸರಿಯಾಗೇ ಇದೆ ಕಣ್ರೀ. ಈ ಗೋಡೆಗೆ ಗಾರೆ ಮಾಡಿದ್ದು ಯಾರು?"

ಇವಳಿಗೆ ಗೊತ್ತು. ಏಳು ವರ್ಷದ ಹಿಂದೆ, "ಮೇಸ್ತ್ರಿ ಯಾಕೆ, ನಾನಿಲ್ವಾ?" ಎಂದು ಜಂಬ ಕೊಚ್ಚಿ ಗಾರೆ ಬಳಿದವನು ನಾನೇ.

ಬೆಳಗ್ಗೆ ಮೊದಲ ಪಟ್ಟಿ ಕೂರದಿದ್ದಾಗಲೇ ನನಗೂ ಅನುಮಾನ ಬಂದಿತ್ತು. ಅದಕ್ಕೇ ದಿನವಿಡೀ ಮೂಲೆಮಟ್ಟ ಮುಟ್ಟಿರಲಿಲ್ಲ.