ಹಾಜ್ರಾ ನಾನಿಯ ಹಾಡು

ಅಲ್ ಖರ್ಜ್,
ನವೆಂಬರ್ ೨೦೧೪

ಪ್ರೀತಿಯ ಮೀರಾಂಬಿ ಅಕ್ಕನಿಗೆ ತಮ್ಮ ಕಾಸಿಮನ ಸಲಾಂ.

ಇಲ್ಲಿ ನಾನು ಆರಾಮ. ಹಾಲಿನ ಫಾರ್ಮಿನಲ್ಲಿ ಕೆಲಸ ನಡೆದಿದೆ.

ಹಾಜ್ರಾ ನಾನಿ ತೀರಿಕೊಂಡ ಸುದ್ದಿ ಕೇಳಿದಾಗಿನಿಂದ ಊಟ ಸೇರುತ್ತಿಲ್ಲ. ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ಬಂದ ನಮ್ಮ ಸಿದ್ದಿ ಹಿರಿಯರು ತಪ್ಪಿಸಿಕೊಂಡು ಓಡಿ, ಕಾಡಿನೊಳಗೆ ನಮ್ಮೂರು ಕಟ್ಟಿದ ಕಥೆಯ ಹಾಡು ಪೂರ್ತಿಯಾಗಿ ಬರುತ್ತಿದ್ದುದು ಆಕೆಯೊಬ್ಬಳಿಗೇ. ರಜೆಗೆ ಬಂದು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದೆ. ನನ್ನ ಪಾಸ್‌ಪೋರ್ಟ್ ಇಟ್ಟುಕೊಂಡಿರುವ ಕಫೀಲ್, ಅಂದರೆ ಇಲ್ಲಿನ ಅರಬ್ ಮಾಲೀಕ, ಬಿಡಲಿಲ್ಲ. "ಮುದುಕಿಯ ಹಾಡಿಗೆ ಯಾರಾದರೂ ರಜೆ ಕೇಳ್ತಾರಾ?" ಎಂದು ನಕ್ಕ.

"ನನಗೂ ಬರಂಗಿಲ್ಲೋ ತಮ್ಮಾ, ಮಕ್ಕಳು ಯಾರೂ ಕಲೀಲಿಲ್ಲ" ಎಂದು ನೀನು ಫೋನಿನಲ್ಲಿ ಅತ್ತೆ. ಅಳಬೇಡ. ನಾನಿಯ ಡಮಾಮ್ ಡೋಲನ್ನು ಮಾತ್ರ ಯಾರಿಗೂ ಕೊಡಬೇಡ. ಒಲೆಯ ಮೇಲಿನ ಅಟ್ಟದಲ್ಲಿಡು, ಹೊಗೆಯಿದ್ದರೆ ಗೆದ್ದಲು ಹತ್ತುವುದಿಲ್ಲ. ನಿನಗೆ ನೆನಪಾದ ಸಾಲು ಅರ್ಧಂಬರ್ಧವಾದರೂ ಸರಿ, ಬರೆದು ಕಳಿಸು.

ಹಸುಗಳ ನಡುವೆ ನಾನೂ ಹಾಡಿ ನೋಡುತ್ತೇನೆ. ಹಿರಿಯರು ಓಡಿ ಕಾಳಿ ಹೊಳೆ ಮುಟ್ಟುವವರೆಗಿನ ಸಾಲು ಬರುತ್ತದೆ, ಹೊಳೆ ದಾಟುವ ಮುಂದಿನದು ಗೊತ್ತಿಲ್ಲ. ನನ್ನ ಹಾಡಿನಲ್ಲಿ ಬೆನ್ನ ಹಿಂದೆ ಒಡೆಯನ ನಾಯಿಗಳು ಬೊಗಳುತ್ತಿವೆ. ನಮ್ಮವರು ಇನ್ನೂ ಆಚೆ ದಡದಲ್ಲೇ ನಿಂತಿದ್ದಾರೆ.

ನಿನ್ನ ತಮ್ಮ,
ಕಾಸಿಂ