ಗೆಲಾಕ್ಸಿಯ ಮುಂದೆ ನಿಂತು ತೆಗೆಸಿಕೊಂಡ ಫೋಟೋ

ಮಾನ್ಯ ಕುಲಸಚಿವರೇ,

ನಕಲಿ ಭಾವಚಿತ್ರ ಲಗತ್ತಿಸಿದ್ದೇನೆಂದು ನನ್ನ ಪಿಎಚ್‌.ಡಿ. ಪ್ರಬಂಧವನ್ನು ತಿರಸ್ಕರಿಸಿದ್ದೀರಿ. ಹೌದು, ಭಾವಚಿತ್ರ ನಕಲಿ. ಅದನ್ನು ಕೇಳಿ ಪಡೆದವರು ತಾವೇ.

ಕೆಲವು ಗೆಲಾಕ್ಸಿಗಳ ಕೇಂದ್ರದಲ್ಲಿ ದೈತ್ಯ ಕಪ್ಪುರಂಧ್ರ ಇರುತ್ತದೆ. ಅದರತ್ತ ಸುತ್ತಿ ಬೀಳುವ ಅನಿಲ ಕಾದು ಬೆಳಗುತ್ತದೆ. ಸುತ್ತಲಿನ ಧೂಳು ಆ ಬೆಳಕನ್ನು ನುಂಗಿ, ಕಣ್ಣಿಗೆ ಕಾಣದ ಶಾಖವಾಗಿ ಹೊರಬಿಡುತ್ತದೆ. ಎಷ್ಟು ಧೂಳಿದ್ದರೆ ಎಷ್ಟು ಶಾಖ ಎಂದು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ, ದೂರದರ್ಶಕಗಳು ಕಂಡದ್ದರೊಡನೆ ಹೋಲಿಸುವ ಮಾದರಿ ಕಟ್ಟಲು ನಾನು ಐದು ವರ್ಷ ಕಳೆದೆ. ಇಷ್ಟನ್ನು ಪ್ರಬಂಧದ ಮೊದಲ ಪುಟದಲ್ಲೇ ಬರೆದಿದ್ದೆ. ತಮ್ಮ ಕಚೇರಿಯಲ್ಲಿ ಮೊದಲ ಪುಟ ಓದುವ ಪದ್ಧತಿ ಇಲ್ಲವೆಂದು ನನಗೆ ತಿಳಿದಿರಲಿಲ್ಲ.

ತಮ್ಮ ಸಂಶೋಧನಾ ವಿಭಾಗದ ಗುಮಾಸ್ತರು ಹೇಳಿದ್ದು ಇಷ್ಟು: “ಕ್ಷೇತ್ರಕಾರ್ಯದ ಫೋಟೋ ಇಲ್ಲದ ಫೈಲ್ ಮುಂದ ಹೋಗಂಗಿಲ್ಲ ನೋಡ್ರಿ. ನೀವು ಆ ಜಾಗದಾಗ ನಿಂತಿದ್ದು ಕಾಣಬೇಕು.”

“ಅಲ್ಲಿಗೆ ಬೆಳಕು ಹೋಗಾಕ ಕೋಟಿಗಟ್ಟಲೆ ವರ್ಷ ಬೇಕ್ರಿ ಸರ್,” ಎಂದೆ.

“ಹಂಗಿದ್ರ ಲಗೂನ ಹೊಂಡಬೇಕಿತ್ತಲ್ಲರಿ. ಶುಕ್ರವಾರ ಕಡೀ ದಿನ.”

ಕುಷ್ಟಗಿಯಲ್ಲಿ ನನ್ನ ಅಬ್ಬಾ ಜಿಲಾನಸಾಬರದು ಸಣ್ಣ ಫೋಟೋ ಸ್ಟುಡಿಯೋ. ಮೂವತ್ತು ವರ್ಷಗಳಿಂದ ಮದುಮಕ್ಕಳನ್ನು ಸ್ಟೂಲಿನ ಮೇಲೆ ಕೂರಿಸಿ, ಅವರ ಹಿಂದೆ ತಾಜಮಹಲು, ಹಿಮದ ಬೆಟ್ಟ ತಂದು ನಿಲ್ಲಿಸುತ್ತ ಬಂದವರು. ಗಿರಾಕಿ ಕೇಳಿದ್ದನ್ನು ಕೊಡುವುದು ಅವರ ಕಸುಬು; ಅದರಿಂದ ಇದುವರೆಗೆ ಯಾರೂ ಮೋಸಹೋಗಿಲ್ಲ. “ಇಷ್ಟಕ್ಕ್ಯಾಕ ಅಳ್ತಿ ಬೇಟಾ, ಹಿಂಗ ನಿಂದ್ರು,” ಎಂದರು. ನನ್ನ ಹಿಂದೆ ಗೆಲಾಕ್ಸಿ ಬಂತು. ನಾನು ತಡೆಯಬೇಕಿತ್ತು. ನಾಚಿಕೆಯಾಯಿತು, ಆದರೂ ನಿಂತೆ.

ತಮ್ಮವರು ಅದಕ್ಕೆ ಮೊಹರು ಒತ್ತಿ ಸ್ವೀಕರಿಸಿದರು. ಅಬ್ಬಾ ಅದರ ದೊಡ್ಡ ಪ್ರತಿಯನ್ನು ಅಂಗಡಿಯ ಗಾಜಿನ ಹಿಂದೆ ತೂಗುಹಾಕಿ, ಬಂದವರಿಗೆಲ್ಲ “ಯುನಿವರ್ಸಿಟಿ ಶಿಕ್ಕಾ ಬಿದ್ದೈತ್ರಿ ಇದಕ್ಕ” ಎಂದು ಹೇಳಿಕೊಂಡರು. ಮೂರು ತಿಂಗಳ ಮೇಲೆ ಹೊರರಾಜ್ಯದ ಪರೀಕ್ಷಕರು ಅದನ್ನು ಕಂಡು ‘ವಂಚನೆ’ ಎಂದು ಬರೆದರು. ಅವರದೇನೂ ತಪ್ಪಿಲ್ಲ. ಆದರೆ ತಮ್ಮ ವಿಚಾರಣಾ ಸಮಿತಿಗೆ, ಅಂಥ ಫೋಟೋ ಕೇಳಿದ ದಾಖಲೆಯೇ ಸಿಗಲಿಲ್ಲವಂತೆ! ಸಮಿತಿ ನನ್ನನ್ನು ಕರೆದು ವಿಚಾರಿಸಿದ ಇಪ್ಪತ್ತು ನಿಮಿಷಗಳಲ್ಲಿ ನನ್ನ ಮಾದರಿಯ ಬಗ್ಗೆ ಒಂದು ಪ್ರಶ್ನೆಯಾದರೂ ಬಂತೇ? ಧೂಳಿನ ಲೆಕ್ಕ ತಪ್ಪಿದೆಯೆಂದು ಯಾರಾದರೂ ಹೇಳಿದರೇ?

ನನಗೆ ಸಿಟ್ಟು ಬರಬೇಕಿತ್ತು. ಬರುತ್ತಿಲ್ಲ. ಆದೇಶ ಓದಿದ ದಿನವೂ ಊಟ ಮಾಡಿದೆ, ಬಟ್ಟೆ ಒಗೆದೆ, ನಿದ್ದೆಯೂ ಬಂತು. ಅಬ್ಬಾ ಮಾತ್ರ ಗಾಜಿನ ಹಿಂದಿನ ಫೋಟೋ ತೆಗೆದಿಟ್ಟಿದ್ದಾರೆ. “ನನ್ನಿಂದ ಆತೇನು ಬೇಟಾ ಇದು?” ಎಂದು ದಿನಾ ಕೇಳುತ್ತಾರೆ. ಅಲ್ಲ ಎನ್ನುತ್ತೇನೆ. ಅವರು ನಂಬುವುದಿಲ್ಲ.

ಪದವಿಯ ಮಾತು ಆಮೇಲೆ. ‘ಆ ಫೋಟೋ ಕೇಳಿದ್ದು ನಾವು’ ಎಂದು ಒಂದೇ ಸಾಲು ಬರೆದು, ಸಹಿ ಹಾಕಿ ಕೊಡಿ. ಅದನ್ನು ಅಬ್ಬಾಗೆ ಓದಿ ಹೇಳಬೇಕು.

ಇಂತಿ,
ಸದ್ಯಕ್ಕೆ ಜಿಲಾನಸಾಬರ ಮಗಳು ಮಾತ್ರ ಆಗಿರುವ
ಮುಬಾಶಿರಾ, ಕುಷ್ಟಗಿ